ಏರ್‌ಗನ್ನು, ಮತ್ತೆ ನಾವು ಮುಚ್ಚಿಟ್ಟ ಮಂಗ

ಈ ವಾರ ಮೂರು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಮಂಗನ ಕಾಟ ತಡೆಯೋಕಾಗ್ತಿಲ್ಲ ಮಾರಾಯ್ರೆ, ನಿಮ್ಮ ಹತ್ರ ಏರ್‌ಗನ್ ಇತ್ತಲ್ಲ, ಯಾವುದು ತಗೊಂಡ್ರೆ ಒಳ್ಳೇದು?" ಒಬ್ಬರು ಸೊರಬದವರು, ಇಬ್ಬರು ನಮ್ಮ ಸಾಗರದ ಕಡೆಯವರೇ. ಮೂವರಿಗೂ ತಗೊಳ್ಳಬೇಡಿ ಅಂದೆ. ಯಾಕೆ ಅಂತ ಫೋನಲ್ಲಿ ಪೂರ್ತಿ ಹೇಳೋಕಾಗಲಿಲ್ಲ. ಹೇಳೋ ಧೈರ್ಯವೂ ಇರಲಿಲ್ಲ ಅನ್ನಿ. ಇವತ್ತು ಬರೀತೀನಿ.

ಮೊದಲೇ ಒಂದು ಮಾತು. ಇದು ಪ್ರಾಣಿದಯೆಯ ಉಪದೇಶ ಅಲ್ಲ. ನನ್ನದು ಎರಡು ಎಕರೆ ಅಡಕೆ ತೋಟ. ಮಧ್ಯೆ ಬಾಳೆ, ಕಾಳುಮೆಣಸು, ಸ್ವಲ್ಪ ಏಲಕ್ಕಿ. ಮಳೆಗಾಲದಲ್ಲಿ ಎಳೆಯಡಕೆ ಸೀಪಿ ಸೀಪಿ ಬುಡಕ್ಕೆ ಉದುರಿಸಿದ್ದನ್ನ ಬುಟ್ಟಿಗಟ್ಟಲೆ ಬಾಚಿದ್ದೀನಿ. ನಾಳೆ ಕಡಿಯೋಣ ಅಂತ ಬಿಟ್ಟ ಬಾಳೆಗೊನೆ ಬೆಳಗಾಗೋದ್ರೊಳಗೆ ಬರೀ ದಿಂಡಾಗಿದ್ದನ್ನ ನೋಡಿದ್ದೀನಿ. ಅಂಗಡಿಯಿಂದ ಹಣ್ಣು ತಂದು ಮಂಗನಿಗೆ ಕೊಟ್ಟು ಫೋಟೋ ತೆಗೆಸಿಕೊಳ್ಳೋರ ಮೇಲೆ ನನಗೂ ಸಿಟ್ಟಿದೆ. ಅರ್ಜಿ ಕೊಟ್ಟೂ ಕೊಟ್ಟೂ ನನಗೆ ಇದುವರೆಗೆ ಒಂದು ರೂಪಾಯಿ ಪರಿಹಾರ ಬಂದಿಲ್ಲ. ಹಾಗಾಗಿ "ನಿಮಗೇನು ಗೊತ್ತು ನಮ್ಮ ಕಷ್ಟ" ಅಂತ ನನಗೆ ಹೇಳೋ ಹಾಗಿಲ್ಲ.

ನಾನೂ ಹಾಗೇ ಸಿಟ್ಟಲ್ಲೇ ಶಿವಮೊಗ್ಗಕ್ಕೆ ಹೋಗಿ ಏಳೂವರೆ ಸಾವಿರ ಕೊಟ್ಟು ಏರ್‌ಗನ್ ತಂದಿದ್ದು. ಲೈಸೆನ್ಸ್ ಬೇಡ ಅಂದ್ರು. ಅದು ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದ್ರೆ ನಾಲ್ಕೂವರೆ ಮಿಲಿಮೀಟರ್ ಬಾಯಿ, 20 ಜೌಲ್ ಒಳಗಿನ ಶಕ್ತಿ ಇರೋ ಗಾಳಿಕೋವಿಗೆ ಲೈಸೆನ್ಸ್ ಬೇಕಿಲ್ಲ. ಆದ್ರೆ ಅಂಗಡಿಯಲ್ಲಿ ಹೇಳದ ಇನ್ನರ್ಧ ಮಾತಿದೆ. ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅದರಲ್ಲಿ ಕಾಡುಪ್ರಾಣಿಗೆ ಹೊಡೆಯೋಕೆ ಅನುಮತಿ ಸಿಕ್ತು ಅಂತಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ, ಗಾಯ ಮಾಡಿದ್ರೂ ಬೇಟೆ, ಪ್ರಯತ್ನ ಮಾಡಿದ್ರೂ ಬೇಟೆ. ಇದು ನನಗೂ ಆಮೇಲೆ ಗೊತ್ತಾಗಿದ್ದು.

ಮೊದಲ ಒಂದು ತಿಂಗಳು ಖುಷಿಯೇ ಖುಷಿ. ಸಂಜೆ ಅಂಗಳದ ತುದಿಗೆ ಖಾಲಿ ಡಬ್ಬಿ ಸಾಲಾಗಿ ಇಟ್ಟು ಅಪ್ಪ-ಮಗ ಇಬ್ಬರೂ ಗುರಿ ಹೊಡೆಯೋದು. ಇದರಲ್ಲಿ ತಪ್ಪೇನೂ ಇಲ್ಲ, ಒಳ್ಳೆ ಹವ್ಯಾಸ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದೂ ಇದೇ ನಾಲ್ಕೂವರೆ ಮಿಲಿಮೀಟರ್ ಸೀಸದ ಗುಂಡಲ್ಲಿ, ಹತ್ತು ಮೀಟರ್ ದೂರದ ಕಾಗದದ ಗುರಿಗೆ. ಕಾಗದಕ್ಕೆ ತೂತು ಮಾಡೋಕೆ ಇದು ಬಹಳ ಒಳ್ಳೆ ಸಾಧನ. ಮಂಗನಿಗೆ ಅಲ್ಲ.

ಯಾಕಂದ್ರೆ ಆ ಗುಂಡು ಅರ್ಧ ಗ್ರಾಂ ಆಸುಪಾಸು ತೂಗುತ್ತೆ. ನಲವತ್ತು ಅಡಿ ಎತ್ತರದ ಮರದ ತಲೆಯಲ್ಲಿ, ಸೋಗೆ ಮಧ್ಯೆ ಓಡಾಡೋ ಮಂಗನಿಗೆ ತಾಗಿದ್ರೆ ಚರ್ಮ ಹರಿದು ಮಾಂಸದಲ್ಲಿ ನಿಲ್ಲುತ್ತೆ. ಅಲ್ಲೇ ಸಾಯೋದಿಲ್ಲ, ಓಡುತ್ತೆ. ಗಾಯ ಕೀವಾಗಿ ಎಲ್ಲೋ ಬೆಟ್ಟದಲ್ಲಿ, ಯಾರಿಗೂ ಕಾಣದ ಹಾಗೆ ಬೀಳುತ್ತೆ. ನಾವು "ಹೆದರಿಸಿ ಓಡಿಸಿದೆ" ಅಂತ ಕಾಫಿ ಕುಡೀತಾ ಕೂರ್ತೀವಿ.

ಹೋಗಲಿ, ಕಾಟ ಕಡಿಮೆ ಆಯ್ತಾ ಅಂದ್ರೆ ಅದೂ ಇಲ್ಲ. ಹದಿನೈದೇ ದಿನಕ್ಕೆ ಅವು ನನ್ನನ್ನ ಗುರುತು ಹಿಡಿದವು. ನಾನು ಕೋವಿ ಹಿಡಿದು ತೋಟಕ್ಕೆ ಇಳಿದ್ರೆ ಒಂದೂ ಇಲ್ಲ. ನಾನು ಸೊಸೈಟಿಗೆ ಹೋದ ದಿನ, ಮನೆಯವಳು ಒಬ್ಬಳೇ ಇದ್ದಾಗ, ಹಿತ್ತಲ ಬಾಗಿಲ ತನಕ ಬರ್ತಿದ್ವು. ನನ್ನ ತೋಟ ಬಿಟ್ಟ ದಿನ ಪಕ್ಕದ ಚಿಕ್ಕಪ್ಪನ ತೋಟದಲ್ಲಿರ್ತಿದ್ವು. ಅವರು ಡಬ್ಬಿ ಬಡಿದ್ರೆ ಮತ್ತೆ ನನ್ನ ತೋಟಕ್ಕೆ. ಒಬ್ಬರ ಮಂಗ ಇನ್ನೊಬ್ಬರಿಗೆ ದಾಟಿಸೋ ಆಟ, ಅಷ್ಟೇ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ಮೂರು ವರ್ಷದ ಹಿಂದೆ, ಡಿಸೆಂಬರ್ ನಡುವಿನಲ್ಲಿ, ಬಾಳೆಗೊನೆ ಮೇಲಿದ್ದ ಒಂದಕ್ಕೆ ಹೊಡೆದೆ. ತೊಡೆಗೆ ತಾಗಿತು ಅನ್ಸುತ್ತೆ, ಕೈಯಲ್ಲಿ ಒತ್ತಿ ಹಿಡ್ಕೊಂಡು ಕುಂಟ್ತಾ ಬೇಲಿ ದಾಟಿ ಹೋಯ್ತು. ಹತ್ತು ಹನ್ನೆರಡು ದಿನ ಆದ್ಮೇಲೆ ನಮ್ಮ ಸೊಪ್ಪಿನಬೆಟ್ಟದಲ್ಲಿ, ದರಕು ಗುಡಿಸೋ ಜಾಗದ ಹತ್ರ, ಒಂದು ಮಂಗ ಸತ್ತು ಬಿದ್ದಿತ್ತು. ಮೊದಲು ನೋಡಿದ್ದು ಚಿಕ್ಕಪ್ಪ. ಬಂದು ಮೆಲ್ಲಗೆ ಹೇಳಿದ್ರು: "ತಮ್ಮಾ, ನಿಂದೇ ಇರ್ಬೇಕು. ಫಾರೆಸ್ಟಿನವರಿಗೆ ಗೊತ್ತಾದ್ರೆ ಕೇಸಾಗ್ತದೆ. ಸುಮ್ನಿರು." ಅದು ಕೊಳೆತು ಊದಿತ್ತು, ಗಾಯ ಇದೆಯೋ ಇಲ್ಲವೋ ನೋಡೋ ಹಾಗಿರಲಿಲ್ಲ. ನೋಡೋಕೆ ಮನಸ್ಸೂ ಬರಲಿಲ್ಲ. ಸುಮ್ಮನಾದೆ. ಅದೇ ವಾರ ಆಶಾ ಅಕ್ಕ ಮನೆಗೆ ಬಂದು ಎಂದಿನ ಹಾಗೆ ಕೇಳಿದ್ರು: "ಅಣ್ಣ, ಈ ಕಡೆ ಎಲ್ಲಾದ್ರೂ ಮಂಗ ಸತ್ತಿದ್ದು ಕಂಡ್ರಾ?" ಇಲ್ಲ ಅಂದೆ. ವಿಷಯ ಗೊತ್ತಿದ್ದ ನಾಲ್ಕೂ ಜನ ಇಲ್ಲ ಅಂದ್ವಿ.

ಮಲೆನಾಡಿನ ಹೊರಗಿನವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ನಮಗೆ ಇದು ಗಂಟೆ ಬಾರಿಸಿದ ಹಾಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲಾಗಿ ಸತ್ತವು, ಜೊತೆಗೇ ಜನಕ್ಕೂ ಜ್ವರ ಬಂತು. ಆಗ ಪತ್ತೆಯಾದ ವೈರಸ್ಸಿಗೆ ಆ ಕಾಡಿನ ಹೆಸರೇ ನಿಂತಿತು. ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಹೆಸರು ಮಂಗನದ್ದಾದ್ರೂ ಹರಡೋದು ಉಣುಗು. ಮಂಗನೂ ನಮ್ಮ ಹಾಗೇ ರೋಗಿ, ನಮಗಿಂತ ಮೊದಲು ಸಾಯೋ ರೋಗಿ. ಕೆಂಪು ಮೂತಿದೂ ಸಾಯುತ್ತೆ, ಮುಸಿಯನೂ ಸಾಯುತ್ತೆ. ಸತ್ತ ಮೈ ತಣ್ಣಗಾದ ಕೂಡಲೇ ಅದರ ಮೇಲಿನ ಉಣುಗುಗಳು ಕೆಳಗಿಳಿದು ಆ ಜಾಗದ ತರಗೆಲೆಯಲ್ಲೇ ಉಳಿಯುತ್ತವೆ. ಡಿಸೆಂಬರಿನಿಂದ ಮೇ ತನಕ ಮರಿ ಉಣುಗಿನ ಕಾಲ. ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗಲ್ಲ. ಅದೇ ತಿಂಗಳುಗಳಲ್ಲೇ ನಾವು ದರಕು ಗುಡಿಸೋದು, ಸೌದೆ ತರೋದು, ದನ ಬೆಟ್ಟಕ್ಕೆ ಬಿಡೋದು.

ಅದಕ್ಕೇ ಮಂಗ ಸತ್ತ ಸುದ್ದಿ ಸಿಕ್ಕಿದ ಕೂಡಲೇ ಆರೋಗ್ಯ ಇಲಾಖೆಯವರು, ಪಶುವೈದ್ಯರು ಬಂದು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸ್ತಾರೆ, ಹೆಣ ಸುಡ್ತಾರೆ, ಸುತ್ತ ಉಣುಗಿನ ಪುಡಿ ಹೊಡೀತಾರೆ, ಆ ಕಡೆ ಹೋಗಬೇಡಿ ಅಂತ ಊರಿಗೆ ಹೇಳ್ತಾರೆ, ಕೈಕಾಲಿಗೆ ಹಚ್ಚೋ ಎಣ್ಣೆ ಹಂಚ್ತಾರೆ. ಈ ಜ್ವರಕ್ಕೆಂದೇ ಬೇರೆ ಔಷಧ ಇಲ್ಲ. ಹಿಂದೆ ಕೊಡ್ತಿದ್ದ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದ್ರು. ಹಾಗಾಗಿ ಮುಂಚೆ ಗೊತ್ತಾಗೋದೇ ನಮಗಿರೋ ದೊಡ್ಡ ರಕ್ಷಣೆ. 2018-19ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಏನಾಯ್ತು ಅಂತ ಇಲ್ಲಿ ಯಾರಿಗೂ ನೆನಪು ಮಾಡಿಸಬೇಕಾಗಿಲ್ಲ. ಸಾವು ಎಣಿಸಿದ ಊರು ಅದು.

ನಾನು ಇಲ್ಲ ಅಂದ ಹದಿನೈದು ದಿನಕ್ಕೆ ನಮ್ಮ ತೋಟದ ಕೆಲಸಕ್ಕೆ ಬರೋ ಅಕ್ಕನಿಗೆ ಜ್ವರ ಬಂತು. ಅವಳೇ ಆ ಬೆಟ್ಟದಲ್ಲಿ ದರಕು ಗುಡಿಸೋಳು. ತಲೆ ಒಡೆದು ಹೋಗೋ ಹಾಗೆ ನೋವು, ಸೊಂಟ ಎತ್ತೋಕಾಗದ ಹಾಗೆ ನೋವು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಬಂತು. ಹನ್ನೆರಡು ದಿನ ಆಸ್ಪತ್ರೆ. ಬದುಕಿದಳು, ದೇವರು ದೊಡ್ಡವನು. ಆದ್ರೆ ಆ ವರ್ಷ ಯುಗಾದಿ ದಾಟಿದ್ರೂ ಕತ್ತಿ ಹಿಡಿಯೋ ಶಕ್ತಿ ಬರಲಿಲ್ಲ ಅವಳಿಗೆ.

ಆ ಮಂಗ ನನ್ನ ಗುಂಡಿಗೆ ಸತ್ತಿತ್ತಾ, ಕಾಯಿಲೆಗೆ ಸತ್ತಿತ್ತಾ? ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ. ಅವಳಿಗೆ ಉಣುಗು ಕಚ್ಚಿದ್ದು ಅಲ್ಲೋ ಬೇರೆಲ್ಲೋ, ಅದೂ ಗೊತ್ತಿಲ್ಲ. ಗೊತ್ತಿರೋದು ಇಷ್ಟೇ. ನಾನು ಹೌದು ಅಂದಿದ್ರೆ ಯಾರಾದ್ರೂ ಬಂದು ಪರೀಕ್ಷೆ ಮಾಡ್ತಿದ್ರು. ಕಾಯಿಲೆ ಇದ್ದಿದ್ರೆ ಅವಳು ಆ ಬೆಟ್ಟಕ್ಕೆ ಹೋಗ್ತಿರಲಿಲ್ಲ. ನನ್ನ ಕೈಯಲ್ಲಿ ಆ ಕೋವಿ ಇಲ್ಲದೇ ಹೋಗಿದ್ರೆ ನಾನೇ ಓಡಿ ಹೋಗಿ ಆಶಾ ಅಕ್ಕನಿಗೆ ಹೇಳ್ತಿದ್ದೆ. ಕೋವಿ ಇದ್ದಿದ್ದಕ್ಕೆ ಸುಮ್ಮನಾದೆ.

ಏರ್‌ಗನ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಅದು ಮಂಗನನ್ನ ಓಡಿಸಲ್ಲ. ಆದ್ರೆ ಊರಿಗಿರೋ ಒಂದು ಎಚ್ಚರಿಕೆಯ ಗಂಟೆಯ ನಾಲಗೆ ಕಿತ್ತು ಹಾಕುತ್ತೆ. ಊರಲ್ಲಿ ಹತ್ತು ಮನೆಯಲ್ಲಿ ಏರ್‌ಗನ್ ಇದ್ರೆ, ಬೆಟ್ಟದಲ್ಲಿ ಸತ್ತ ಪ್ರತಿ ಮಂಗನನ್ನ ನೋಡಿದಾಗ್ಲೂ "ಯಾರದ್ದೋ ಗುಂಡು ಇರ್ಬೇಕು, ನಮಗ್ಯಾಕೆ" ಅನ್ನೋ ಮಾತು ಬರುತ್ತೆ. ಕಾಯಿಲೆಗೆ ಸತ್ತಿದ್ದೂ ಆ ಲೆಕ್ಕದಲ್ಲೇ ಮುಚ್ಚಿ ಹೋಗುತ್ತೆ. ಬೆಲೆ ಕಟ್ಟೋರು ತೋಟದ ಯಜಮಾನರಲ್ಲ. ದರಕು ಗುಡಿಸೋರು, ಸೌದೆ ತರೋರು.

ಹಾಗಾದ್ರೆ ಏನು ಮಾಡೋದು ಅಂತೀರಿ. ನನ್ನ ಹತ್ರ ಮಂತ್ರದಂಡ ಇಲ್ಲ. 2019ರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ರೈತರು ನಾಯಿಗೆ ಹುಲಿಪಟ್ಟೆ ಬಳಿದಿದ್ದು ಪೇಪರಲ್ಲಿ ಬಂದಿತ್ತು. ನಕ್ಕವರೇ ಜಾಸ್ತಿ, ನನಗೆ ಅವರ ಕಷ್ಟ ಕಂಡಿತು. ಮಂಕಿ ಪಾರ್ಕ್ ಅಂತ ಮಾತು ಕೇಳಿಬಂತು, ನನ್ನ ಬಾಳೆಗೊನೆಗೇನೂ ಅದರಿಂದ ಉಪಯೋಗ ಆಗಲಿಲ್ಲ. ನಾವು ಈಗ ಮಾಡ್ತಿರೋದು ಹಳೇ ಕಾಲದ ಕೆಲಸ: ಸರದಿ ಕಾವಲು. ನಮ್ಮ ಸಾಲಿನ ಆರು ಮನೆ ಸೇರಿ ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಆರೂವರೆ, ದಿನಕ್ಕೊಂದು ಮನೆಯವರು, ಜೊತೆಗೆ ಎರಡು ನಾಯಿ, ಒಂದು ಡಬ್ಬಿ. ಒಂದು ತೋಟದಿಂದ ಪಕ್ಕದ ತೋಟಕ್ಕಲ್ಲ, ಆರೂ ತೋಟ ದಾಟಿಸಿ ಬೆಟ್ಟಕ್ಕೇ ಅಟ್ಟಬೇಕು. ಬಾಳೆಗೊನೆ ಹಣ್ಣಾಗೋ ತನಕ ಬಿಡೋದಿಲ್ಲ, ಬಲಿತ ಕೂಡಲೇ ಕಡಿದು ಒಳಗಿಡ್ತೀವಿ. ನಷ್ಟ ಪೂರ್ತಿ ನಿಂತಿಲ್ಲ, ಅರ್ಧದಷ್ಟಾದ್ರೂ ಕಡಿಮೆ ಆಗಿದೆ. ಕೋವಿ ಇದ್ದಾಗ ಅದೂ ಆಗಿರಲಿಲ್ಲ.

ಎರಡನೇದು ಇಲಾಖೆಯವರಿಗೆ. ಮಂಗ ಸತ್ತ ಸುದ್ದಿ ಕೊಟ್ಟೋರ ಹತ್ರ ಮೊದಲು "ಎಲ್ಲಿ ಸತ್ತಿದೆ" ಅಂತ ಕೇಳಿ, "ಯಾರು ಹೊಡೆದ್ರು" ಅಂತಲ್ಲ. ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಕಾಯಿಲೆಯ ಕಾಲದಲ್ಲಿ, ಸುದ್ದಿ ಕೊಟ್ಟೋನೇ ಮೊದಲ ಆರೋಪಿ ಅನ್ನೋ ಭಯ ಇದ್ರೆ ಯಾವ ಹಳ್ಳಿಯವನೂ ಬಾಯಿ ಬಿಡಲ್ಲ. ಮನೆಯಲ್ಲಿರೋ ಏರ್‌ಗನ್ ವಿಷಯಕ್ಕೂ ಒಂದು ದಾರಿ ಇದೆ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಏರ್‌ಗನ್ ಒಪ್ಪಿಸೋ ಅಭಿಯಾನ ನಡೆಸಿದ್ರು. ಜನ ತಾವಾಗೇ ಬಂದು ಎರಡು ಸಾವಿರಕ್ಕೂ ಹೆಚ್ಚು ಗಾಳಿಕೋವಿ ಒಪ್ಪಿಸಿದ್ರು. ಬೇಟೆ ಪರಂಪರೆಯೇ ಇರೋ ಊರುಗಳಲ್ಲಿ ಅದು ಆಗಿದ್ದು. ಮಲೆನಾಡಲ್ಲಿ ಯಾಕೆ ಆಗಬಾರದು?

ನನ್ನ ಕೋವಿ ಈಗ ಅಟ್ಟದ ಮೇಲಿದೆ. ಗುಂಡಿನ ಡಬ್ಬಿ ಖಾಲಿ. ಮಾರೋಣ ಅಂದ್ರೆ ಇನ್ನೊಬ್ಬರ ತೋಟಕ್ಕೆ ಹೋಗುತ್ತಲ್ಲ ಅಂತ ಮಾರಿಲ್ಲ. ಆ ಅಕ್ಕ ಈಗ ಮತ್ತೆ ಕೆಲಸಕ್ಕೆ ಬರ್ತಾಳೆ. ಹೋದ ವರ್ಷ ಅವಳ ಹತ್ರ ಕೂತು ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತೇ ಹೇಳ್ಬಾರ್ದಿತ್ತಾ ಅಯ್ಯಾ" ಅಂದಳು. ಬೈದಿದ್ರೆ ವಾಸಿ ಇತ್ತು.

ಇದು ಡಿಸೆಂಬರ್. ಬೆಟ್ಟಕ್ಕೆ ಹೋಗೋರು ಕೈಕಾಲಿಗೆ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ ಹೋಗಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಿ. ಜ್ವರ ಬಂದ್ರೆ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಸತ್ತ ಮಂಗ ಕಂಡ್ರೆ ಮುಟ್ಟಬೇಡಿ, ಅದೇ ದಿನ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಹೇಳಿ. ಯಾರ ಗುಂಡಿಗೆ ಸತ್ತಿದ್ದಾದ್ರೂ ಸರಿ, ನಿಮ್ಮದೇ ಆದ್ರೂ ಸರಿ, ಹೇಳಿ.