ದಂಡನೆ ತೆಗೆದ ಮಾತ್ರಕ್ಕೆ ವ್ಯಸನ ಹೋಗುವುದೇ?



ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ಇಂದು ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿದ್ದಾರೆ, ಇಲ್ಲವೆ ಉದ್ಯೋಗದಲ್ಲಿದ್ದಾರೆ. ಆದುದರಿಂದ ಅಲ್ಲಿನ ಸುದ್ದಿಗಳು ನಮ್ಮ ಪಡಸಾಲೆಯ ಮಾತುಗಳೇ ಆಗಿಬಿಟ್ಟಿವೆ. "ಅಲ್ಲಿ ಗಾಂಜಾ ಇಟ್ಟುಕೊಂಡರೆ ಅಪರಾಧವೇ ಅಲ್ಲವಂತೆ, ಜನರೇ ಮತ ಹಾಕಿ ಹಾಗೆ ಮಾಡಿಕೊಂಡಿದ್ದಾರಂತೆ, ನಿಜವೇ?" ಎಂದು ಮನೆಯ ಹಿರಿಯರು ಕೇಳುವುದುಂಟು. ಇದು ಅರ್ಧ ನಿಜ. ಉಳಿದರ್ಧವನ್ನು ಅರಿಯದಿದ್ದರೆ ಒಂದು ಮನೆಯ ಬಾಳೇ ಬುಡಮೇಲಾದೀತು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತು ನಗರಗಳಲ್ಲಿ ಒಂದು ವಿಶೇಷ ಪದ್ಧತಿಯಿದೆ. ಶಾಸನಸಭೆಯಾಗಲಿ ನಗರಸಭೆಯಾಗಲಿ ಒಂದು ಕಾನೂನನ್ನು ಮಾಡಲು ಒಪ್ಪದಿದ್ದಾಗ ನಾಗರಿಕರು ತಾವೇ ಅದರ ಕರಡನ್ನು ಬರೆದು, ನಿಗದಿಯಾದಷ್ಟು ಮತದಾರರ ಸಹಿಗಳನ್ನು ಬೀದಿಬೀದಿ ತಿರುಗಿ ಕೂಡಿಸಿ ಅಧಿಕಾರಿಗೆ ಸಲ್ಲಿಸುತ್ತಾರೆ. ಸಹಿಗಳು ಸಾಚಾ ಎಂದು ಕಂಡುಬಂದಲ್ಲಿ ಆ ಪ್ರಸ್ತಾವವು ಚುನಾವಣೆಯ ಮತಪತ್ರದ ಮೇಲೆ ಬರುತ್ತದೆ. ಬಹುಮತ ಬಂದರೆ ಅದೇ ಕಾನೂನು. ನಮ್ಮ ದೇಶದಲ್ಲಿ ಇಂತಹ ಪದ್ಧತಿ ಇಲ್ಲದಿರುವುದರಿಂದ ಇದು ನಮಗೆ ವಿಚಿತ್ರವೆನಿಸುವುದು ಸಹಜ.

ಗಾಂಜಾದ ವಿಷಯದಲ್ಲಿ ಈ ಮಾರ್ಗವನ್ನು ಮೊದಮೊದಲು ತುಳಿದ ಊರುಗಳಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಒಂದು. ಅದು ವಿಶ್ವವಿದ್ಯಾಲಯದ ಪಟ್ಟಣ. ಅದೇ ರಾಜ್ಯದ ಕವಿ ಜಾನ್ ಸಿಂಕ್ಲೇರ್ ಎಂಬವರು ಎರಡೇ ಎರಡು ಗಾಂಜಾ ಸಿಗರೇಟುಗಳನ್ನು ಮಾರುವೇಷದ ಪೊಲೀಸರಿಗೆ ಕೊಟ್ಟ ತಪ್ಪಿಗಾಗಿ 1969ರಲ್ಲಿ ಸುಮಾರು ಹತ್ತು ವರ್ಷಗಳ ಸೆರೆವಾಸಕ್ಕೆ ಗುರಿಯಾಗಿದ್ದರು. 1971ರ ಡಿಸೆಂಬರಿನಲ್ಲಿ ಅವರ ಬಿಡುಗಡೆಗಾಗಿ ಆನ್ ಆರ್ಬರಿನಲ್ಲಿ ಬೃಹತ್ ಸಭೆ ನಡೆಯಿತು. ಹೆಸರಾಂತ ಗಾಯಕ ಜಾನ್ ಲೆನನ್ ಅಲ್ಲಿ ಹಾಡಿದರು. ಮೂರೇ ದಿನಗಳಲ್ಲಿ ಸಿಂಕ್ಲೇರ್ ಹೊರಬಂದರು. 1972ರಲ್ಲಿ ಆ ನಗರದ ಸಭೆಯು ಅಲ್ಪ ಪ್ರಮಾಣದ ಗಾಂಜಾ ಹೊಂದುವುದಕ್ಕೆ 5 ಡಾಲರ್ ದಂಡವಷ್ಟೇ ಸಾಕೆಂದು ನಿರ್ಣಯಿಸಿತು. ಮರುವರ್ಷ ಬೇರೊಂದು ಬಹುಮತ ಬಂದು ಅದನ್ನು ರದ್ದುಗೊಳಿಸಿತು. ಆಗ 1974ರ ಏಪ್ರಿಲಿನಲ್ಲಿ ಮತದಾರರೇ ಆ 5 ಡಾಲರ್ ದಂಡವನ್ನು ನಗರದ ಮೂಲ ಸನ್ನದಿನಲ್ಲಿ ಸೇರಿಸಿಬಿಟ್ಟರು.

ಅಲ್ಲಿಂದ ಮುಂದೆ ಈ ಪ್ರಯತ್ನ ಅನೇಕ ಊರುಗಳಿಗೆ ಹಬ್ಬಿತು. 2003ರಲ್ಲಿ ಸಿಯಾಟಲ್ ನಗರದ ಮತದಾರರು ಗಾಂಜಾ ಹೊಂದಿದವರನ್ನು ಹಿಡಿಯುವುದು ಪೊಲೀಸರ ಕಟ್ಟಕಡೆಯ ಕೆಲಸವಾಗಿರಲಿ ಎಂದು ವಿಧಿಸಿದರು. 2005ರಲ್ಲಿ ಡೆನ್ವರ್ ನಗರದ ಮತದಾರರು, 21 ವರ್ಷ ತುಂಬಿದವರು ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂವರೆಗೆ ಇಟ್ಟುಕೊಂಡರೆ ನಗರದ ಕಾನೂನಿನಲ್ಲಿ ಅಪರಾಧವಲ್ಲ ಎಂದರು. 2008ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಜನರು ಸೆರೆವಾಸದ ಬದಲು 100 ಡಾಲರ್ ದಂಡವನ್ನು ಆರಿಸಿಕೊಂಡರು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು ಇನ್ನೂ ಮುಂದೆ ಹೋಗಿ ಮಾರಾಟಕ್ಕೂ ಅನುಮತಿಯಿತ್ತರು.

ಇವರೆಲ್ಲರೂ ಗಾಂಜಾ ಸೇದುವವರೇ, ನೀತಿಗೆಟ್ಟವರೇ ಎಂದು ಕೇಳಿದರೆ ಅದು ಅವಸರದ ತೀರ್ಮಾನವಾದೀತು. ಮತವಿತ್ತವರಲ್ಲಿ ಅದನ್ನು ಮುಟ್ಟದವರೂ ಬಹಳ ಮಂದಿ. ಅವರನ್ನು ಕಾಡಿದ ಪ್ರಶ್ನೆ ಬೇರೆ. ಚಿಟಿಕೆ ಸೊಪ್ಪಿಗಾಗಿ ಸೆರೆಮನೆ ಸೇರಿದ ಹುಡುಗನಿಗೆ ಮುಂದೆ ಕೆಲಸ ಸಿಗುವುದು ಕಷ್ಟ, ಬಾಡಿಗೆಗೆ ಮನೆ ಸಿಗುವುದು ಕಷ್ಟ. ಮಾಡಿದ ತಪ್ಪಿಗಿಂತ ಶಿಕ್ಷೆಯೇ ದೊಡ್ಡದು. ಅದೂ ಎಲ್ಲರಿಗೂ ಒಂದೇ ಸಮನಾಗಿ ಬೀಳುವುದಿಲ್ಲ. ಅಮೆರಿಕದ ನಾಗರಿಕ ಸ್ವಾತಂತ್ರ್ಯಗಳ ಒಕ್ಕೂಟವು 2013ರಲ್ಲಿ ಪ್ರಕಟಿಸಿದ ವರದಿಯಂತೆ, ಬಿಳಿಯರೂ ಕರಿಯರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗಾಂಜಾ ಬಳಸಿದರೂ ಅದನ್ನು ಹೊಂದಿದ ಆರೋಪದ ಮೇಲೆ ಬಂಧನಕ್ಕೊಳಗಾಗುವ ಸಂಭವ ಕರಿಯರಿಗೆ 3.73 ಪಟ್ಟು ಹೆಚ್ಚಾಗಿತ್ತು. ಕುಲ ನೋಡಿ ತೂಗುವ ತಕ್ಕಡಿಯನ್ನು ಎಂಟುನೂರು ವರ್ಷಗಳ ಹಿಂದೆಯೇ ನಿರಾಕರಿಸಿದ ಶರಣರ ಸಂತತಿಗೆ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಊರಿನ ಮತಕ್ಕೆ ಊರಿನಷ್ಟೇ ಎಲ್ಲೆ ಎಂಬುದನ್ನು ಮರೆಯಬಾರದು. ಡೆನ್ವರಿನಲ್ಲಿ 2005ರ ಮತದಾನದ ಬಳಿಕವೂ ಪೊಲೀಸರು ರಾಜ್ಯದ ಕಾನೂನನ್ನು ಹಿಡಿದು ಮೊಕದ್ದಮೆ ಹೂಡುತ್ತಲೇ ಇದ್ದರು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ 2022ರಲ್ಲಿ ಮತ ಚಲಾಯಿಸಿದವರ ಪೈಕಿ ಶೇಕಡಾ 85ರಷ್ಟು ಮಂದಿ ಅಲ್ಪ ಪ್ರಮಾಣದ ಗಾಂಜಾಕ್ಕೆ ಬಂಧನ ಬೇಡವೆಂದರು. 2024ರ ಜನವರಿಯಲ್ಲಿ ರಾಜ್ಯದ ಅಟಾರ್ನಿ ಜನರಲ್ ಆಸ್ಟಿನ್ ಸೇರಿದಂತೆ ಐದು ನಗರಗಳ ಮೇಲೆ ದಾವೆ ಹೂಡಿದರು. 2025ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯವು ಆಸ್ಟಿನ್ನಿನ ವಿಷಯದಲ್ಲಿ ರಾಜ್ಯದ ಪರವಾಗಿಯೇ ತೀರ್ಪಿತ್ತಿತು. ಟೆಕ್ಸಾಸ್ ರಾಜ್ಯದ ಕಾನೂನಿನಂತೆ ಎರಡು ಔನ್ಸ್ ಒಳಗಿನ ಗಾಂಜಾಕ್ಕೂ 180 ದಿನಗಳವರೆಗೆ ಸೆರೆ, 2000 ಡಾಲರ್‌ವರೆಗೆ ದಂಡ ವಿಧಿಸಬಹುದು. ಆಸ್ಟಿನ್, ಡಲ್ಲಾಸ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಇದನ್ನು ಗಮನದಲ್ಲಿಡಬೇಕು.

ಇದಕ್ಕೂ ಮಿಗಿಲಾದ ಇನ್ನೊಂದು ಮಾತಿದೆ. ಪರದೇಶದಿಂದ ಹೋದವರ ಹಣೆಬರಹವನ್ನು ಬರೆಯುವುದು ನಗರದ ಕಾನೂನಲ್ಲ, ರಾಜ್ಯದ ಕಾನೂನೂ ಅಲ್ಲ. ವೀಸಾ, ವಲಸೆ, ಪೌರತ್ವ ಇವೆಲ್ಲ ಕೇಂದ್ರ ಸರ್ಕಾರದ ಅಧೀನ. ಕೊಲರಾಡೊದ ಅಂಗಡಿಯಲ್ಲಿ ರಸೀದಿ ಪಡೆದು ಕೊಂಡ ಗಾಂಜಾ ಕೂಡ ಕೇಂದ್ರದ ಕಣ್ಣಿಗೆ ನಿಷಿದ್ಧ ವಸ್ತುವೇ. ಸ್ವಂತ ಬಳಕೆಗೆಂದು 30 ಗ್ರಾಂ ಮೀರದಷ್ಟು ಗಾಂಜಾ ಹೊಂದಿದ ಒಂದೇ ಒಂದು ಅಪರಾಧವಿದ್ದಲ್ಲಿ ಗಡೀಪಾರಿನಿಂದ ವಿನಾಯಿತಿ ಉಂಟು. ಆದರೆ ರಜೆಗೆಂದು ಊರಿಗೆ ಬಂದು ಮರಳಿ ಹೋಗುವಾಗ ಪ್ರವೇಶ ನಿರಾಕರಿಸುವುದನ್ನು ಆ ವಿನಾಯಿತಿ ತಡೆಯಲಾರದು. ಶಿಕ್ಷೆಯೇ ಆಗದಿದ್ದರೂ ಅಧಿಕಾರಿಯ ಮುಂದೆ ತಾನಾಗಿ ಒಪ್ಪಿಕೊಂಡ ಮಾತು ಕೂಡ ಮುಳುವಾಗಬಹುದು. ಗಾಂಜಾ ಮಾರುವ ಅಂಗಡಿಯಲ್ಲಿ ನೌಕರಿ ಮಾಡಿದರೂ ಪೌರತ್ವಕ್ಕೆ ಬೇಕಾದ ಸಚ್ಚಾರಿತ್ರ್ಯಕ್ಕೆ ಕುಂದು ಬರಬಹುದೆಂದು ಅಲ್ಲಿನ ಪೌರತ್ವ ಮತ್ತು ವಲಸೆ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿತು. 2022ರ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಅವರು ಗಾಂಜಾ ಹೊಂದಿದ ಕೇಂದ್ರೀಯ ಅಪರಾಧಗಳಿಗೆ ಕ್ಷಮಾದಾನವಿತ್ತಾಗಲೂ ಅದು ಸಂದದ್ದು ನಾಗರಿಕರಿಗೆ ಮತ್ತು ಕಾಯಂ ನಿವಾಸದ ಹಕ್ಕು ಪಡೆದವರಿಗೆ. ವಿದ್ಯಾರ್ಥಿ ವೀಸಾದ ಮೇಲೆ ಇರುವ ಹುಡುಗನಿಗೆ ಅದರಲ್ಲಿ ಪಾಲಿರಲಿಲ್ಲ.

ಹೊಲ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ಎತ್ತಿ ಮಗನನ್ನೋ ಮಗಳನ್ನೋ ಕಳುಹಿಸಿದ ತಂದೆತಾಯಿಗಳು ಈ ಮಾತನ್ನು ಅವರಿಗೆ ಬಿಡಿಸಿ ಹೇಳಬೇಕು. ಜೊತೆಯಲ್ಲಿ ಓದುವ ಅಲ್ಲಿನ ಹುಡುಗನಿಗೆ ತಪ್ಪಲ್ಲದ್ದು ನಮ್ಮ ಹುಡುಗನ ವ್ಯಾಸಂಗವನ್ನೇ ಮುಗಿಸಿಬಿಡಬಹುದು. ಸ್ವದೇಶಕ್ಕೆ ಬಂದರೂ ನಿಯಮ ಸಡಿಲವೇನಲ್ಲ. 1985ರ ನಮ್ಮ ಮಾದಕ ವಸ್ತುಗಳ ಕಾಯಿದೆಯಂತೆ ಅಲ್ಪ ಪ್ರಮಾಣದ ಗಾಂಜಾಕ್ಕೂ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಇನ್ನು ಮೂಲ ಪ್ರಶ್ನೆಗೆ ಬರೋಣ. ದಂಡನೆಯನ್ನು ತೆಗೆದರೆ ಸಾಕೇ? ಇದಕ್ಕೆ ಆರೆಗನ್ ರಾಜ್ಯದ ಅನುಭವವೇ ಉತ್ತರ. 2020ರಲ್ಲಿ ಅಲ್ಲಿನ ಮತದಾರರು ಗಾಂಜಾವನ್ನೂ ಮೀರಿ ಎಲ್ಲ ಮಾದಕ ವಸ್ತುಗಳ ಅಲ್ಪ ಪ್ರಮಾಣವನ್ನು ಅಪರಾಧಮುಕ್ತಗೊಳಿಸಿದರು. ಸಿಕ್ಕಿಬಿದ್ದವನಿಗೆ 100 ಡಾಲರ್ ದಂಡ. ಸಹಾಯವಾಣಿಗೆ ಕರೆ ಮಾಡಿ ಆರೋಗ್ಯ ತಪಾಸಣೆಗೆ ಒಪ್ಪಿದರೆ ಅದೂ ಮಾಫಿ. ಉದ್ದೇಶ ಉದಾತ್ತವಾಗಿತ್ತು. ಆದರೆ ಕರೆ ಮಾಡಿದವರು ಬಹು ಸ್ವಲ್ಪ ಮಂದಿ. ಚಿಕಿತ್ಸಾ ಕೇಂದ್ರಗಳಿಗೆ ಹಣ ತಲಪುವುದು ತಡವಾಯಿತು. ಅದೇ ಹೊತ್ತಿಗೆ ಫೆಂಟನಿಲ್ ಎಂಬ ಘೋರ ವಿಷ ಬೀದಿಗಳಲ್ಲಿ ಹರಡಿತ್ತು. ಕೊನೆಗೆ 2024ರ ಸೆಪ್ಟೆಂಬರ್ 1ರಿಂದ, ಗಾಂಜಾವನ್ನು ಬಿಟ್ಟು ಉಳಿದ ಮಾದಕ ವಸ್ತುಗಳನ್ನು ಹೊಂದುವುದು ಅಲ್ಲಿ ಮತ್ತೆ ಅಪರಾಧವಾಯಿತು. ಪೊಲೀಸನ ಲಾಠಿಯನ್ನು ಹಿಂತೆಗೆದ ಕಡೆ ಬೇರೊಂದು ಕೈ ಮುಂದೆ ಬಾರದೆ ಹೋದರೆ ಬಿದ್ದವನು ಬಿದ್ದಲ್ಲಿಯೇ ಉಳಿಯುತ್ತಾನೆ.

ಆ ಬೇರೊಂದು ಕೈ ಯಾವುದೆಂಬುದನ್ನು ನಮ್ಮ ನಾಡು ಕಂಡಿದೆ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿದರು. ಕಾಳುಕಡಿ, ಕಾಣಿಕೆ ಬೇಡಲಿಲ್ಲ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಬೀಡಿ, ತಂಬಾಕು, ಗುಟಕಾಗಳನ್ನು ಆ ಜೋಳಿಗೆಗೆ ಹಾಕಿ, ಮತ್ತೆ ಮುಟ್ಟೆನೆಂದು ಮಾತು ಕೊಟ್ಟವರು ಅಸಂಖ್ಯ ಮಂದಿ. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆ ಜೋಳಿಗೆಯಲ್ಲಿ ದಂಡದ ಭಯವಿರಲಿಲ್ಲ. ಹಾಗೆಂದು ಚಟವು ತಪ್ಪಲ್ಲವೆಂಬ ಸಡಿಲಿಕೆಯೂ ಇರಲಿಲ್ಲ. ತಪ್ಪನ್ನು ತಪ್ಪೆಂದೇ ಕರೆದು, ತಪ್ಪಿದವನನ್ನು ತನ್ನವನೆಂದು ಅಪ್ಪಿಕೊಳ್ಳುವ ಮಾರ್ಗವದು.

ಅಮೆರಿಕದ ಮತದಾರರು ಅಳತೆಮೀರಿದ ಶಿಕ್ಷೆಯನ್ನು ಒಲ್ಲೆವೆಂದದ್ದು ಮಾನವೀಯವಾದುದೇ. ಆದರೆ ಮತಪತ್ರ ಮಾಡಬಲ್ಲದ್ದು ಅಷ್ಟೇ. ಉಳಿದದ್ದು ಮನೆಯ ಕೆಲಸ, ಮಠದ ಕೆಲಸ, ನೆರೆಹೊರೆಯ ಕೆಲಸ. ದೂರದಲ್ಲಿರುವ ಮಗ ಇಂತಹ ಸಂಗತಿಯನ್ನು ಹೇಳಿಕೊಂಡಾಗ ಸಿಡಿಮಿಡಿಗೊಂಡು ಫೋನು ಇಟ್ಟುಬಿಡಬೇಡಿ. ಮಾನ ಹೋಯಿತೆಂದು ಮುಚ್ಚಿಡಲೂ ಬೇಡಿ. ಮೊದಲು ಪೂರ್ತಿ ಕೇಳಿರಿ. ಚಟವಾಗಿದ್ದರೆ ವೈದ್ಯರ ಬಳಿಗೆ ಕಳುಹಿಸಿರಿ. ಕಾನೂನಿನ ತೊಡಕಾಗಿದ್ದರೆ ಅಧಿಕಾರಿಗಳ ಮುಂದೆ ಬಾಯಿ ತೆರೆಯುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಲು ಹೇಳಿರಿ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕುಳಿತುಕೊಳ್ಳುವ ಮನಸ್ಸಿಗೆ ಬೇರೆ ಮತ್ತು ಬೇಕಾಗಿಲ್ಲವೆಂಬ ಅರಿವನ್ನು ಅವರು ಮನೆಯಲ್ಲಿರುವಾಗಲೇ, ಬೈಗುಳದಿಂದಲ್ಲದೆ ಬದುಕಿನಿಂದ ತಿಳಿಸಿಕೊಡೋಣ.