ಕ್ವಾಂಟಮ್ ಹೆಸರಲ್ಲಿ ಕಲ್ಲಿಗೆ ಮನಸ್ಸು ಕೊಡಬೇಡಿ

ಅರಕೇರಿ ಕಡೆಯ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಜೇಡಿಯ ತೆಳು ಪದರಗಳ ನಡುವೆ ನೀರು ಹೊಕ್ಕು ಹೊರಬೀಳುವ ಆಟವಿದು. ಮನೆ ಗೋಡೆ ಸೀಳುವ ತಾಕತ್ತೂ ಅದಕ್ಕಿದೆ. ವಸ್ತು ಸುಮ್ಮನೆ ಬಿದ್ದಿರುವುದಿಲ್ಲ, ಅದೂ ಕೆಲಸ ಮಾಡುತ್ತದೆ ಎನ್ನುವುದೇ ವಿಶ್ವವಿದ್ಯಾಲಯಗಳಲ್ಲಿ ಓದುವ ‘ನವ ಭೌತವಾದ’. ಎರೆ ಹೊಲದ ರೈತನಿಗೆ ಇದೇನು ಹೊಸದೇ? ಇರಲಿ, ಓದಲಿ.

ತಕರಾರು ಮುಂದಿನ ಮಾತಿಗೆ: ‘ಕಲ್ಲಿಗೂ ಮನಸ್ಸಿದೆ, ಕ್ವಾಂಟಮ್ ವಿಜ್ಞಾನವೇ ಹೇಳಿದೆ.’ ಹೇಳಿಲ್ಲ. ಈ ವಾದದ ದೊಡ್ಡ ಹೆಸರು ಕರೆನ್ ಬರಾಡ್ ಸ್ವತಃ ಭೌತವಿಜ್ಞಾನ ಕಲಿತವರು. ಅವರ 2007ರ ಪುಸ್ತಕ ನೀಲ್ಸ್ ಬೋರ್ ವಿಚಾರದ ಮೇಲೆ ನಿಂತಿದೆ. ಎಲೆಕ್ಟ್ರಾನ್ ಒಂದು ಸಲಕರಣೆಯಲ್ಲಿ ಅಲೆಯಂತೆ, ಇನ್ನೊಂದರಲ್ಲಿ ಕಣದಂತೆ ಕಾಣುತ್ತದೆ. ಅಳೆಯುವ ಸಲಕರಣೆ ಬಿಟ್ಟು ಫಲಿತಾಂಶದ ಮಾತಾಡುವಂತಿಲ್ಲ.

ನಮಗೆ ಬೇಕಾದ್ದು ಇದು. ಎಲೆಕ್ಟ್ರಾನಿನ ಲೆಕ್ಕ ಹೊಲಕ್ಕೆ ಹೊಂದುವುದಿಲ್ಲ, ಪ್ರಶ್ನೆ ಹೊಂದುತ್ತದೆ. ಬರ ಬಿದ್ದಾಗ ಬೆಳೆ ವಿಮೆಯವರು ನಿಮ್ಮ ಹೊಲ ನೋಡಿ ನಷ್ಟ ಕಟ್ಟುವುದಿಲ್ಲ. ಆಯ್ದ ಕೆಲವೇ ತಾಕುಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದ ತೂಕವೇ ಎಲ್ಲರ ಹಣೆಬರಹ. ತಿಕೋಟಾ ಕಡೆಯ ದ್ರಾಕ್ಷಿಗೆ ಹವಾಮಾನ ಆಧಾರಿತ ವಿಮೆಯಾದರೆ ಮಾಪಕದ ಅಂಕಿಯೇ ಸಾಕ್ಷಿ. ಮಾಪಕದ ಮೇಲೆ ಸುರಿದ ಮಳೆ ನಿಮ್ಮ ಪಡದ ಮೇಲೆ ಸುರಿಯದಿದ್ದರೂ ಕಾಗದದಲ್ಲಿ ಮಳೆ ಆದಂತೆಯೇ.

ಮಣ್ಣಿನ ಮನಸ್ಸಿನ ಬಗ್ಗೆ ಪ್ರಬಂಧ ಬರೆಯುವವರು ಆ ಮಾಪಕದ ಬುಡಕ್ಕೆ ಬಂದು ನಿಲ್ಲಲಿ. ಮೋಡವನ್ನು ಜವಾಬು ಕೇಳಲಾಗದು. ಮಾಪಕ ನೆಟ್ಟವರನ್ನು, ತಾಕು ಆಯ್ದವರನ್ನು ಕೇಳಬಹುದು. ಈ ಸಲ ಕಟಾವಿನ ದಿನ ಯಾವುದೆಂದು ಪಂಚಾಯ್ತಿಯಲ್ಲಿ ವಿಚಾರಿಸಿ, ತೂಕ ಹಾಕುವಾಗ ನೀವೂ ಅಲ್ಲಿರಿ.