ಬರೆದ ಆಜ್ಞೆಯೇ ಸಾಕ್ಷಿ

ಪ್ರಯೋಗಶಾಲೆಯನ್ನು ಮೊದಲ ಬಾರಿಗೆ ಪ್ರವೇಶಿಸುವ ವಿದ್ಯಾರ್ಥಿಗಳಿಗೆ ಅಧ್ಯಾಪಕರಾದ ನಾವು ತಪ್ಪದೆ ಹೇಳುವ ಮಾತೊಂದುಂಟು: ಕಂಡ ಅಳತೆಯನ್ನು ಕಂಡ ಕೂಡಲೆ ಬರೆದಿಡಿ, ತಪ್ಪಾದರೆ ಅಳಿಸಬೇಡಿ, ಅದರ ಮೇಲೊಂದು ಗೆರೆಯೆಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ. ಒಬ್ಬನು ಮಾಡಿದುದನ್ನು ಇನ್ನೊಬ್ಬನು ಓದಿ, ಪರೀಕ್ಷಿಸಿ, ಅದೇ ಕ್ರಮದಲ್ಲಿ ಮತ್ತೆ ಮಾಡಿ ನೋಡಲು ಸಾಧ್ಯವಾಗಬೇಕೆಂಬುದೇ ಈ ನಿಯಮದ ಉದ್ದೇಶ. ವಿಜ್ಞಾನದ ಬಲವಿರುವುದು ಇದರಲ್ಲಿಯೇ. ಆದರೆ ಅದೇ ಅಳತೆಗಳು ಕಂಪ್ಯೂಟರನ್ನು ಹೊಕ್ಕ ಕ್ಷಣದಿಂದ ನಾವು ಈ ನಿಯಮವನ್ನು ಮರೆತುಬಿಡುತ್ತೇವೆ. ಮೌಸಿನಿಂದ ಇಲ್ಲಿ ಒತ್ತಿ, ಅಲ್ಲಿ ಎಳೆದು, ಮತ್ತೊಂದೆಡೆ ಅಂಟಿಸಿ ಉತ್ತರವನ್ನು ಪಡೆಯುತ್ತೇವೆ; ಹೇಗೆ ಪಡೆದೆವೆಂಬುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ಇದು ಸಣ್ಣ ದೋಷವಲ್ಲವೆಂಬುದು ನಮ್ಮ ಅಭಿಪ್ರಾಯ. ಪರಿಹಾರವೂ ಹೊಸದೇನಲ್ಲ. ಅರ್ಧ ಶತಮಾನಕ್ಕೂ ಮಿಗಿಲಾಗಿ ಬಳಕೆಯಲ್ಲಿರುವ ಕಮ್ಯಾಂಡ್ ಲೈನ್, ಎಂದರೆ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ಯಂತ್ರದಿಂದ ಕೆಲಸ ಮಾಡಿಸುವ ಪದ್ಧತಿಯೇ ಆ ಪರಿಹಾರ.

ಈ ಪಾಠವನ್ನು ನಾವು ಕಲಿತುದು ಪೆಟ್ಟು ತಿಂದ ಮೇಲೆ. ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಒಂದು ಅರೆವಾಹಕದ ವಿದ್ಯುತ್ ರೋಧವನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದಿದ್ದೆವು. ಪ್ರತಿಯೊಂದು ಉಷ್ಣತೆಗೂ ಒಂದರಂತೆ ನಲವತ್ತೆಂಟು ಕಡತಗಳಿದ್ದುವು. ಅವನ್ನೆಲ್ಲ ಕೈಯಿಂದಲೇ ಒಂದು ಕೋಷ್ಟಕಕ್ಕೆ ಅಂಟಿಸಿ ನಕ್ಷೆ ಬರೆದಾಗ, ಇಳಿಯುತ್ತಿದ್ದ ರೇಖೆಯ ನಡುವೆ ಒಂದು ಪುಟ್ಟ ಮೆಟ್ಟಿಲು ಕಾಣಿಸಿತು. ವಸ್ತುವಿನ ಹೊಸದೊಂದು ಗುಣವನ್ನು ಕಂಡೆವೆಂದು ಹಿಗ್ಗಿ, ಅದರ ಕಾರಣವನ್ನು ಹುಡುಕುತ್ತ ಹನ್ನೊಂದು ದಿನಗಳನ್ನು ಕಳೆದೆವು. ಮಾರ್ಗದರ್ಶಕರು ಕೇಳಿದುದು ಒಂದೇ ಪ್ರಶ್ನೆ: “ಯಾವ ಕಡತದಿಂದ ಯಾವ ಸಾಲನ್ನು ತೆಗೆದುಕೊಂಡಿರಿ, ತೋರಿಸಿ.” ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರ ಹನ್ನೆರಡು ಸಾಲಿನ ಆಜ್ಞೆಗಳನ್ನು ಬರೆದು ಯಂತ್ರದಿಂದಲೇ ಕಡತಗಳನ್ನು ಜೋಡಿಸಿದಾಗ ಮೆಟ್ಟಿಲು ಮಾಯವಾಯಿತು. ಒಂದು ಕಡತವನ್ನು ಎರಡು ಸಲ ಅಂಟಿಸಿ ಅದರ ಪಕ್ಕದ್ದನ್ನು ಬಿಟ್ಟಿದ್ದೆವು. ನಿಸರ್ಗದಲ್ಲಿಲ್ಲದ ಮೆಟ್ಟಿಲನ್ನು ನಮ್ಮ ಬೆರಳೇ ಕಟ್ಟಿತ್ತು!

ಹೀಗೆ ಆಜ್ಞೆಗಳನ್ನು ಅನುಕ್ರಮವಾಗಿ ಬರೆದಿಟ್ಟ ಕಡತವೇ ಸ್ಕ್ರಿಪ್ಟ್. ಅದನ್ನು ಇಂದು ನಡೆಸಿದರೂ, ಮುಂದಿನ ವರ್ಷ ಬೇರೊಬ್ಬರು ಅದೇ ಅಂಕಿಗಳ ಮೇಲೆ ನಡೆಸಿದರೂ ಅದು ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಮಾಡುತ್ತದೆ. ಅದರಲ್ಲಿ ತಪ್ಪು ಇರಲಾರದೆಂದಲ್ಲ. ಇದ್ದರೆ ಅದು ಕಣ್ಣಿಗೆ ಕಾಣುವಂತೆ ಇರುತ್ತದೆ, ತಿದ್ದಲು ಸಿಕ್ಕುತ್ತದೆ.

ಈ ಪದ್ಧತಿಗೆ ಈಗಿನ ರೂಪ ಬಂದುದು ಬಹುಮಟ್ಟಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿ 1969ರಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯ ನಿರ್ಮಾಣಕ್ಕೆ ತೊಡಗಿದರು. ಅವರ ಸಹೋದ್ಯೋಗಿ ಡಗ್ಲಸ್ ಮೆಕಿಲ್‌ರಾಯ್ ಅವರ ಒತ್ತಾಯದ ಫಲವಾಗಿ 1973ರಲ್ಲಿ ಅದಕ್ಕೆ ‘ಪೈಪ್’ ಸೇರಿತು. ಪೈಪೆಂದರೆ ಕೊಳವೆ: ಒಂದು ಆಜ್ಞೆಯಿಂದ ಹೊರಬಂದುದು ನೇರವಾಗಿ ಮುಂದಿನ ಆಜ್ಞೆಗೆ ಹರಿದುಹೋಗುತ್ತದೆ. ಪ್ರತಿಯೊಂದು ಆಜ್ಞೆಯೂ ಒಂದು ಸಣ್ಣ ಕೆಲಸವನ್ನಷ್ಟೇ ಮಾಡುತ್ತದೆ. ದೊಡ್ಡ ಕೆಲಸವು ಅವುಗಳ ಜೋಡಣೆಯಿಂದ ಸಾಧಿಸುತ್ತದೆ.

ಇದರ ಪ್ರಸಿದ್ಧ ನಿದರ್ಶನವೊಂದು 1986ರದು. ಒಂದು ಬರಹದಲ್ಲಿ ಅತಿ ಹೆಚ್ಚಾಗಿ ಬಂದಿರುವ ಪದಗಳಾವುವು, ಎಷ್ಟೆಷ್ಟು ಸಲ ಬಂದಿವೆ ಎಂಬುದನ್ನು ಕಂಡುಹಿಡಿಯುವ ಪ್ರೋಗ್ರಾಮನ್ನು ಜಾನ್ ಬೆಂಟ್ಲಿ ಎಂಬ ಅಂಕಣಕಾರರ ಕೋರಿಕೆಯಂತೆ ಡೊನಾಲ್ಡ್ ನೂತ್ ರಚಿಸಿದರು. ಹಲವು ಪುಟಗಳ ಆ ರಚನೆ ಸೊಗಸಾದುದೇ. ವಿಮರ್ಶಕರಾಗಿದ್ದ ಮೆಕಿಲ್‌ರಾಯ್ ಅದನ್ನು ಮೆಚ್ಚಿದರೂ, ಅದೇ ಕೆಲಸವನ್ನು ಆರು ಆಜ್ಞೆಗಳ ಕೊಳವೆಯಿಂದ ಮಾಡಿ ತೋರಿಸಿದರು. ಮೊದಲನೆಯದು ಒಂದೊಂದು ಪದವನ್ನೂ ಒಂದೊಂದು ಸಾಲಿನಲ್ಲಿ ಇಡುತ್ತದೆ. ಎರಡನೆಯದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಚಿಕ್ಕವಾಗಿಸುತ್ತದೆ. ಮೂರನೆಯದು ಪದಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಆಗ ಒಂದೇ ಪದಗಳು ಒಂದೆಡೆ ಸೇರುವುದರಿಂದ ನಾಲ್ಕನೆಯದು ಅವನ್ನು ಎಣಿಸಿ ಒಂದೊಂದು ಸಾಲಿಗೆ ಇಳಿಸುತ್ತದೆ. ಐದನೆಯದು ಎಣಿಕೆಯ ಇಳಿಕ್ರಮದಲ್ಲಿ ಜೋಡಿಸುತ್ತದೆ. ಆರನೆಯದು ಬೇಕಾದಷ್ಟು ಸಾಲುಗಳನ್ನು ತೋರಿಸಿ ನಿಲ್ಲುತ್ತದೆ. ಇಲ್ಲಿ ನಾವು ಮೆಚ್ಚಬೇಕಾದುದು ಸಂಕ್ಷಿಪ್ತತೆಯನ್ನಲ್ಲ. ಕೊಳವೆಯನ್ನು ಯಾವ ಹಂತದಲ್ಲಿ ಕತ್ತರಿಸಿದರೂ ಅಲ್ಲಿಯವರೆಗೆ ಏನಾಗಿದೆಯೆಂಬುದನ್ನು ಕಣ್ಣಾರೆ ನೋಡಬಹುದು. ವಿದ್ಯುನ್ಮಂಡಲದ ಒಂದೊಂದು ಬಿಂದುವಿನಲ್ಲಿಯೂ ವೋಲ್ಟ್‌ಮಾಪಕವನ್ನು ಇಟ್ಟು ನೋಡುವಂತೆಯೇ ಇದು.

ವಿಂಡೋಸ್ ಬಳಸುವವರಿಗೂ ಈ ಸೌಲಭ್ಯ ಇಲ್ಲದಿಲ್ಲ. ಮೈಕ್ರೋಸಾಫ್ಟಿನ ಜೆಫ್ರಿ ಸ್ನೋವರ್ 2002ರಲ್ಲಿ ರೂಪುರೇಷೆಯನ್ನು ಬರೆದ ಪವರ್‌ಶೆಲ್ 2006ರಲ್ಲಿ ಹೊರಬಂದಿತು. 2016ರಲ್ಲಿ ಅದರ ಮೂಲಪಾಠವನ್ನು ಎಲ್ಲರಿಗೂ ತೆರೆದಿಟ್ಟು, ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿಯೂ ನಡೆಯುವಂತೆ ಮಾಡಲಾಯಿತು. ಅದರ ಆಜ್ಞೆಗಳ ಹೆಸರುಗಳು ಒಂದು ಕ್ರಿಯಾಪದ, ಒಂದು ನಾಮಪದ ಎಂಬ ಕ್ರಮದಲ್ಲಿವೆ. ನಡೆಯುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಬೇಕೇ? ‘ಗೆಟ್-ಪ್ರಾಸೆಸ್’. ಒಂದು ಸೇವೆಯನ್ನು ನಿಲ್ಲಿಸಬೇಕೇ? ‘ಸ್ಟಾಪ್-ಸರ್ವಿಸ್’. ಯುನಿಕ್ಸಿನ ಕೊಳವೆಯಲ್ಲಿ ಹರಿಯುವುದು ಸಾಮಾನ್ಯವಾಗಿ ಬರಿಯ ಅಕ್ಷರಗಳು. ಇಲ್ಲಿ ಹೆಸರು, ಗಾತ್ರ, ದಿನಾಂಕ ಮುಂತಾದ ಗುಣಗಳನ್ನು ಹೊತ್ತ ವಸ್ತುಗಳೇ ಹರಿಯುತ್ತವೆ.

ಇಷ್ಟು ಹೇಳಿದ ಮೇಲೆ ಅಪಾಯವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಬರೆದ ಆಜ್ಞೆಯನ್ನು ಯಂತ್ರವು ಅನೇಕ ವೇಳೆ ಮರುಪ್ರಶ್ನೆಯಿಲ್ಲದೆ ಪಾಲಿಸುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಇಂಜಿನಿಯರರೊಬ್ಬರು ಮೀಸಲು ಯಂತ್ರದಲ್ಲಿ ಕೊಡಬೇಕಾಗಿದ್ದ ಅಳಿಸುವ ಆಜ್ಞೆಯನ್ನು ಮುಖ್ಯ ಯಂತ್ರದಲ್ಲಿ ಕೊಟ್ಟರು. ತಪ್ಪನ್ನು ಅರಿತು ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟುಗಳಲ್ಲಿ ಉಳಿದುದು 4.5 ಮಾತ್ರ. ನಂಬಿದ್ದ ರಕ್ಷಾಪ್ರತಿಗಳು ಒದಗಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ಬೇರಾವುದೋ ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಕಾಪಾಡಿತು. ಆ ಆರು ಗಂಟೆಗಳ ಮಾಹಿತಿ ಮಾತ್ರ ಹೋದುದು ಹೋಯಿತು. ಆದರೆ ಸಂಸ್ಥೆಯು ಇಡೀ ವೃತ್ತಾಂತವನ್ನು ಮುಚ್ಚಿಡದೆ ಪ್ರಕಟಿಸಿತು. ಏನು ನಡೆಯಿತೆಂಬುದನ್ನು ಅಷ್ಟು ನಿಖರವಾಗಿ ಹೇಳಲು ಸಾಧ್ಯವಾದುದು, ಮಾಡಿದ ಕೆಲಸವೆಲ್ಲ ಆಜ್ಞೆಗಳ ರೂಪದಲ್ಲಿ ನಡೆದಿದ್ದುದರಿಂದ ಎಂಬುದನ್ನು ಗಮನಿಸಿರಿ.

ಆದುದರಿಂದ ಹೊಸಬರು ಕೆಲವು ಅಭ್ಯಾಸಗಳನ್ನು ಮೊದಲಿನಿಂದಲೇ ರೂಢಿಸಿಕೊಳ್ಳತಕ್ಕದ್ದು. ಪವರ್‌ಶೆಲ್ಲಿನಲ್ಲಿ ಸ್ಥಿತಿಯನ್ನು ಬದಲಿಸುವ ಬಹುಪಾಲು ಆಜ್ಞೆಗಳ ಕೊನೆಗೆ ‘ವಾಟ್‌ಇಫ್’ ಎಂದು ಸೇರಿಸಿದರೆ, ಅದು ಕೆಲಸವನ್ನು ಮಾಡದೆ, ಏನು ಮಾಡಲಿತ್ತೆಂಬುದನ್ನಷ್ಟೇ ತಿಳಿಸುತ್ತದೆ. ಲಿನಕ್ಸಿನಲ್ಲಿ ಕಡತಗಳನ್ನು ಅಳಿಸುವ ಮುನ್ನ ಅದೇ ಗುರುತುಗಳನ್ನು ಪಟ್ಟಿಮಾಡುವ ‘ಎಲ್‌ಎಸ್’ ಆಜ್ಞೆಗೆ ಕೊಟ್ಟು, ಬರುವ ಪಟ್ಟಿಯನ್ನು ಓದಿರಿ. ಮೂಲ ಅಳತೆಗಳ ಕಡತವನ್ನು ಎಂದೂ ಮುಟ್ಟದೆ ಪ್ರತಿಯ ಮೇಲೆ ಕೆಲಸಮಾಡಿರಿ. ರಕ್ಷಾಪ್ರತಿಯಿಂದ ಕಡತವೊಂದನ್ನು ಮರಳಿ ಪಡೆದು ನೋಡುವವರೆಗೆ ಅದನ್ನು ರಕ್ಷಾಪ್ರತಿಯೆಂದು ನಂಬಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಕಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ದಿನದ ಬಳಕೆಗೆ ಸಾಕಾಗುವ ಆಜ್ಞೆಗಳು ಇಪ್ಪತ್ತನ್ನು ಮೀರವು. ಪದಾರ್ಥಗಳ ಸಂಕೇತಗಳನ್ನು ಕಲಿತವರಿಗೆ ಇದು ಹೊರೆಯಲ್ಲ. ಕನ್ನಡದ ಬರಹವನ್ನೂ ಈ ಕೊಳವೆಗಳಲ್ಲಿ ಹರಿಸಬಹುದು. ಲೋಕದ ಲಿಪಿಗಳನ್ನೆಲ್ಲ ಒಳಗೊಳ್ಳುವ ಯುಟಿಎಫ್-8 ಎಂಬ ಸಂಕೇತಕ್ರಮವನ್ನು 1992ರಲ್ಲಿ ರೂಪಿಸಿದವರು ಯುನಿಕ್ಸಿನ ಥಾಮ್ಸನ್ನರೇ, ರಾಬ್ ಪೈಕ್ ಅವರೊಡನೆ. ‘ಕನ್ನಡ’ ಎಂಬ ಪದದ ಬೈಟುಗಳನ್ನು ಎಣಿಸುವಂತೆ ಯಂತ್ರಕ್ಕೆ ಹೇಳಿ ನೋಡಿರಿ. 15 ಎಂಬ ಉತ್ತರ ಬರುತ್ತದೆ. ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳಿಗೆ ತಲಾ ಮೂರು ಬೈಟುಗಳು. ಇಷ್ಟರಿಂದಲೇ ಒಂದು ಸಂಜೆಯ ಅಧ್ಯಯನ ಆರಂಭವಾಗಬಹುದು.

ಈಗ ಕೃತಕ ಬುದ್ಧಿಮತ್ತೆಯೇ ಆಜ್ಞೆಗಳನ್ನು ಬರೆದುಕೊಡುವುದರಿಂದ ನಾವು ಕಲಿಯಬೇಕಾದುದಿಲ್ಲ ಎಂಬ ವಾದವೂ ಉಂಟು. ಪತ್ರವನ್ನು ಬೇರೆಯವರು ಬರೆದುಕೊಡಬಹುದು, ರುಜು ಮಾತ್ರ ನಮ್ಮದು. ಓದಲು ಬಾರದ ಪತ್ರಕ್ಕೆ ರುಜು ಹಾಕುವವನ ಗತಿ ಏನೆಂಬುದನ್ನು ನಮ್ಮ ಹಿರಿಯರು ಸಾಲಪತ್ರಗಳ ಕಾಲದಿಂದಲೂ ಬಲ್ಲರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಂತಹ ಮಹಾಗಣಕಗಳಿಗೆ ಸಂಶೋಧಕರು ಕೆಲಸವನ್ನು ಒಪ್ಪಿಸುವುದು ಸ್ಕ್ರಿಪ್ಟಿನ ಮೂಲಕವೇ. ಅಲ್ಲಿಗೆ ಹೋಗಬಯಸುವ ತರುಣರು ನಮ್ಮ ಕಾಲೇಜುಗಳಿಂದ ಬರಿಗೈಯಲ್ಲಿ ಹೋಗಬಾರದು. ನಮ್ಮ ಬೇಡಿಕೆ ದೊಡ್ಡದಲ್ಲ: ಪ್ರಯೋಗದ ದಾಖಲೆ ಪುಸ್ತಕದಲ್ಲಿ ಉಪಕರಣ, ಸೂತ್ರ, ಕೋಷ್ಟಕ, ಫಲಿತಾಂಶಗಳ ಜೊತೆಗೆ ಆ ಫಲಿತಾಂಶವನ್ನು ಪಡೆದ ಆಜ್ಞೆಗಳಿಗೂ ಒಂದು ಪುಟವಿರಲಿ, ಅದಕ್ಕೂ ಅಂಕಗಳಿರಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಮುಂದಿನ ಪ್ರಯೋಗದ ಅಂಕಿಗಳನ್ನು ಕಂಪ್ಯೂಟರಿಗೆ ಕೊಡುವಾಗ, ಕೊಟ್ಟ ಆಜ್ಞೆಗಳನ್ನೂ ಬರೆದಿಟ್ಟುಕೊಳ್ಳಲಿ. “ಹೇಗೆ ಬಂದಿತು ಈ ಉತ್ತರ?” ಎಂದು ಕೇಳಿದವರ ಮುಂದೆ ಆ ಹಾಳೆಯನ್ನು ಇಡಬಹುದು.